ತಲೆಬಾಗಿದ ಮುದ್ರೆಗಳು

ನಿಲಾ ವಿನ್ ಎಂಬ ಈ ಹೆಣ್ಣುಮಗಳಿಗೆ ಮನೆತನದ ಹೆಸರು ಅಂತ ಒಂದಿಲ್ಲ. ಬರ್ಮಾದವರಲ್ಲಿ ಆ ರೂಢಿಯೇ ಇಲ್ಲ. ಅಪ್ಪ ಟಿನ್ ಮಾಂಗ್, ಅವ್ವ ಖಿನ್ ಏ, ಮಗಳು ನಿಲಾ ವಿನ್. ಒಬ್ಬರ ಹೆಸರಿನ ಬಾಲ ಇನ್ನೊಬ್ಬರಿಗೆ ಅಂಟಿಕೊಂಡಿಲ್ಲ. ಆದರೆ ಜಪಾನಿನ ಅರ್ಜಿಯಲ್ಲಿ ಹೆಸರಿಗೆ ಎರಡು ಚೌಕ. ಎರಡನ್ನೂ ತುಂಬದಿದ್ದರೆ ಗುಮಾಸ್ತ ಕಾಗದ ಮುಟ್ಟುವುದಿಲ್ಲ. ಎಂಟು ವರ್ಷದ ಹಿಂದೆ ಆ ದೇಶಕ್ಕೆ ಬಂದಿಳಿದ ಮೂರನೆಯ ದಿನ ಒಬ್ಬ ಗುಮಾಸ್ತ ನಗುನಗುತ್ತಾ ಅವಳ ಹೆಸರನ್ನು ಸೌದೆ ಸೀಳಿದ ಹಾಗೆ ಸೀಳಿ, ಹಿಂದಿನ ತುಂಡನ್ನು ಮನೆತನದ ಚೌಕಕ್ಕೆ ನೂಕಿದ. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ವಿನ್ ಸಾನ್, ಅಂದರೆ ವಿನ್ ಅವರು.

ಹೆಸರಾದ ಮೇಲೆ ಮುದ್ರೆ. ಅಲ್ಲಿ ಸಹಿಗೆ ಬೆಲೆಯಿಲ್ಲ. ಕಿರುಬೆರಳಿನ ಗಾತ್ರದ ಒಂದು ಕಡ್ಡಿ, ಅದರ ತುದಿಯಲ್ಲಿ ಕೊರೆದ ಹೆಸರು, ಕೆಂಪು ಮಸಿ. ಅಂಗಡಿಯ ತಿರುಗುವ ಚರಣಿಗೆಯಲ್ಲಿ ಸಾವಿರಾರು ಮನೆತನಗಳು ಸಿದ್ಧವಾಗಿ ನೇತಾಡುತ್ತಿದ್ದವು. ವಿನ್ ಇರಲಿಲ್ಲ. ಹೇಳಿ ಮಾಡಿಸಿಕೊಂಡಳು. ತನ್ನದಲ್ಲದ ಹೆಸರನ್ನು ತಾನೇ ಕೊರೆಸಿ ತಂದ ದಿನ ಅವಳಿಗೆ ನಗು ಬಂದಿತ್ತು. ಆಗಿನ್ನೂ ಇಪ್ಪತ್ತಾರು.

ಅವಳ ಕೆಲಸ ಪ್ರೋಗ್ರಾಂ ಬರೆಯುವುದು. ಸಂಬಳ ಕೊಡುವ ಕಂಪನಿ ಒಂದು, ಅವಳನ್ನು ಕರೆಸಿ ಕೂರಿಸಿಕೊಂಡ ಕಂಪನಿ ಇನ್ನೊಂದು. ಎತ್ತಿನ ಜೋಡಿ ಬಾಡಿಗೆಗೆ ಕೊಟ್ಟ ಹಾಗೆ. ಸೆತೊ ಒಳಸಮುದ್ರದ ದಂಡೆಯ ಒಂದು ಊರಿನ ಬಂದರಿನ ಹತ್ತಿರ, ಮೂರನೆಯ ಮಹಡಿಯಲ್ಲಿ ಆಫೀಸು. ಹಳೆಯ ಕಾರ್ಪೆಟ್ಟು, ಡಬ್ಬಿ ಕಾಫಿ, ಬೆಳಿಗ್ಗೆ ಎಂಟೂವರೆಗೆ ರೇಡಿಯೋ ಹಚ್ಚಿ ನಲವತ್ತು ಜನ ಒಟ್ಟಿಗೆ ಕೈಯೆತ್ತಿ ವ್ಯಾಯಾಮ ಮಾಡಿದಾಗ ಏಳುವ ಕಂಕುಳ ವಾಸನೆ. ಅಲ್ಲಿ ಅವಳು ಐದು ವರ್ಷ ನೋಡಿಕೊಂಡದ್ದು ಊರಿನ ಬಸ್ ಕಂಪನಿಯ ಪಾಸುಗಳ ವ್ಯವಸ್ಥೆಯನ್ನು.

ಕೆಲಸ ಕಲಿಸಿದವನು ಕುವಾಬಾರಾ. ಐವತ್ತೆಂಟರ ಗಂಡಸು, ಯಾವಾಗಲೂ ಬಾಯಲ್ಲಿ ಗಂಟಲಿನ ಮಾತ್ರೆ, ಎಂಥ ದಡ್ಡ ಪ್ರಶ್ನೆ ಕೇಳಿದರೂ ಬೇಸರಿಸದವನು. ಅವಳಿಗೆ ಜ್ವರ ಬಂದಾಗ ಬಾಗಿಲಿಗೆ ಗಂಜಿ ತಂದು ನೇತುಹಾಕಿ ಗಂಟೆ ಒತ್ತದೆ ಹೋದವನು. ಸೇರಿದ ಮೊದಲ ವಾರ ಅವಳ ಕಾಗದವೊಂದನ್ನು ಮೇಜಿಗೆ ತಂದಿಟ್ಟ. ಕಾಗದದ ನೆತ್ತಿಯಲ್ಲಿ ಎಂಟು ಚೌಕ. ಬಲತುದಿಯದು ಬರೆದವರದು, ಎಡತುದಿಯದು ಎಲ್ಲರಿಗಿಂತ ಮೇಲಿನವನದು.

"ನಿಮ್ಮ ಮುದ್ರೆ ನೇರ ನಿಂತಿದೆ, ವಿನ್ ಸಾನ್," ಅಂದ.

"ನೇರ ಇರ್ಬೇಕಲ್ವಾ?"

"ಎದೆ ಸೆಟೆಸಿ ನಿಂತ ಹಾಗೆ ಕಾಣ್ತದೆ. ಸ್ವಲ್ಪ ಎಡಕ್ಕೆ ವಾಲಿಸಿ ಒತ್ತಿ. ಮೇಲಿನವರ ಕಡೆ ಬಗ್ಗಿದ ಹಾಗೆ ಇರಬೇಕು."

ಅವಳು ತಮಾಷೆಯೆಂದು ನಕ್ಕಳು. ಅವನು ನಗಲಿಲ್ಲ. ಆಗ ಉಳಿದ ಮುದ್ರೆಗಳನ್ನು ನೋಡಿದಳು. ಏಳೂ ಎಡಕ್ಕೆ ವಾಲಿದ್ದವು, ಕೆಳಗಿನವನದು ಹೆಚ್ಚು, ಮೇಲಿನವನದು ಕಡಿಮೆ. ತಲೆಗಳ ಸಾಲು. ಮುಂದಿನ ಐದು ವರ್ಷ ವಾಲಿಸಿಯೇ ಒತ್ತಿದಳು. ಮೊದಮೊದಲು ಅಸಹ್ಯಪಟ್ಟುಕೊಂಡು, ಆಮೇಲೆ ಅದೂ ಇಲ್ಲದೆ.

ಹೋದ ನವೆಂಬರಿನಲ್ಲಿ ಮುದುಕರ ಬಸ್ ಪಾಸುಗಳನ್ನು ಹೊಸದು ಮಾಡುವ ಕೆಲಸ ಬಂತು. ಅವಧಿ ಮುಗಿದ ಹಳೆಯ ಪಾಸುಗಳನ್ನು ರದ್ದು ಮಾಡಬೇಕು, ಹೊಸವನ್ನು ಚಾಲೂ ಮಾಡಬೇಕು. ಅದಕ್ಕೆ ಅರವತ್ತೆರಡು ಹೆಜ್ಜೆಗಳ ವಿಧಾನಪತ್ರ. ಬರೆದವನು ಕುವಾಬಾರಾ. ಎಂಟು ಮುದ್ರೆ ಬಿದ್ದಿತ್ತು. ಒಂದು ಭಾನುವಾರ ಮಧ್ಯಾಹ್ನ ಅವರಿಬ್ಬರೇ ಕೂತು ಅದನ್ನು ನಡೆಸಬೇಕಿತ್ತು. ಒಬ್ಬರು ಹೆಜ್ಜೆಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪರದೆಗೆ ಬೆರಳು ತೋರಿಸಿ "ಸರಿ" ಎಂದು ಕೂಗಿ ಗುಂಡಿ ಒತ್ತುವುದು. ಕೋಣೆಯಲ್ಲಿ ಇಬ್ಬರೇ ಇದ್ದರೂ ಕೂಗಲೇಬೇಕು. ಅಂದು ಓದು ಅವಳದು, ಬೆರಳು ಅವನದು.

ನಲವತ್ತೊಂದನೆಯ ಹೆಜ್ಜೆಗೆ ಬಂದಾಗ ಅವಳು ನಿಂತಳು. ಶುಕ್ರವಾರವೇ ಒಮ್ಮೆ ಹೇಳಿದ್ದಳು. ಬೆಳಿಗ್ಗೆ ಮತ್ತೊಮ್ಮೆ.

"ಕುವಾಬಾರಾ ಸಾನ್, ನಲವತ್ತೊಂದು ತಪ್ಪಿದೆ. ರದ್ದು ಮಾಡೋಕೆ ಹಾಕಿರೋದು ಹೋದ ವರ್ಷದ ಪಟ್ಟಿ ಅಲ್ಲ, ಈ ವರ್ಷದ್ದು."

"ಹ್ಞೂಂ."

"ಹ್ಞೂಂ ಅಂದ್ರೆ? ಕಾಣ್ತಿದೆಯಾ?"

"ಕಾಣ್ತಿದೆ."

"ಮತ್ತೆ ಬದಲಾಯ್ಸೋಣ. ಒಂದು ಅಂಕಿ ಅಷ್ಟೇ."

"ಮುದ್ರೆ ಬಿದ್ದಿದೆ, ವಿನ್ ಸಾನ್. ಒಂದು ಅಂಕಿ ಮುಟ್ಟಿದ್ರೂ ಎಂಟು ಮುದ್ರೆ ಹೊಸದಾಗಿ ಬೀಳಬೇಕು. ವಿಭಾಗದ ಯಜಮಾನರು ಇವತ್ತು ಯಾರದೋ ಮದುವೇಲಿ ಇದಾರೆ."

"ಹನ್ನೊಂದು ಸಾವಿರ ಜನ ಮುದುಕ್ರು ನಾಳೆ ಬಸ್ ಹತ್ತೋಕಾಗಲ್ಲ."

"ಬರೆದೋರಿಗೆ ಏನೋ ಕಾರಣ ಇದ್ದಿರಬೇಕು."

"ಬರೆದೋರು ನೀವೇ ಅಲ್ವಾ?"

ಕುವಾಬಾರಾ ಮಾತ್ರೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದ. "ಬರೆಯುವಾಗ ನಾನು. ಮುದ್ರೆ ಬಿದ್ದ ಮೇಲೆ ಅದು ಎಂಟು ಜನದ್ದು. ನಾನೊಬ್ಬನೇ ಬದಲಾಯಿಸಿದರೆ ಉಳಿದ ಏಳು ಜನಕ್ಕೆ ಅವಮಾನ ಮಾಡಿದ ಹಾಗೆ." ಆಮೇಲೆ ಬಹಳ ಮೃದುವಾಗಿ, "ಓದಿ," ಅಂದ.

ಅವಳು ಓದಿದಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ನಲವತ್ತೊಂದನ್ನು ಸ್ಪಷ್ಟವಾದ ದನಿಯಲ್ಲಿ ಓದಿದಳು. ಅವನು ಬೆರಳು ತೋರಿಸಿ "ಸರಿ" ಎಂದು ಕೂಗಿದ.

ಸೋಮವಾರ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಅವಳ ಬಾಡಿಗೆ ಕೋಣೆಯ ಕೆಳಗೆ ಕ್ಷೌರದಂಗಡಿ ಇಟ್ಟಿದ್ದ ಮುದುಕಿ ಅವಳಿಗಿಂತ ಮುಂದೆ ಬಸ್ ಹತ್ತಿ ಪಾಸಿನ ಕಾರ್ಡನ್ನು ಯಂತ್ರದ ಮೇಲೆ ಇಟ್ಟಳು. ಯಂತ್ರ ಕೆಂಪಗೆ ಕಿರುಚಿತು. ಮತ್ತೆ ಇಟ್ಟಳು, ಮತ್ತೆ ಕಿರುಚಿತು. ಮುದುಕಿ ಮೊದಲು ಡ್ರೈವರನಿಗೆ ಬಗ್ಗಿ ಕ್ಷಮೆ ಕೇಳಿದಳು, ಆಮೇಲೆ ಹಿಂದೆ ನಿಂತವರಿಗೆ, ಆಮೇಲೆ ಕೂತವರಿಗೆ. "ನನ್ನಿಂದ ಎಲ್ಲರಿಗೂ ತೊಂದರೆ ಆಯ್ತು," ಎನ್ನುತ್ತಾ ಇಳಿದು ಮಳೆಯಲ್ಲಿ ನಿಂತಳು. ಡ್ರೈವರನೂ ಬಗ್ಗಿದ. ಮುಂದಿನ ನಿಲ್ದಾಣದಲ್ಲಿ ಇನ್ನಿಬ್ಬರು ಹತ್ತಿದರು, ಬಗ್ಗಿದರು, ಇಳಿದರು. ಬಸ್ಸಿನ ತುಂಬ ಬಗ್ಗಿದ ಬೆನ್ನುಗಳು. ಯಾರೊಬ್ಬರೂ 'ಇದೇನು ಕರ್ಮ' ಎಂದು ಗದರಲಿಲ್ಲ. ನಿಲಾ ಹಿಂದಿನ ಕಂಬ ಹಿಡಿದು ನಿಂತಿದ್ದಳು.

ಎಲ್ಲವನ್ನೂ ಸರಿಮಾಡಲು ಎರಡು ದಿನ ಹಿಡಿಯಿತು. ಗುರುವಾರ 'ಏಕೆ-ಏಕೆ' ಸಭೆ. ಏನಾದರೂ ಕೆಟ್ಟರೆ ಐದು ಸಲ 'ಏಕೆ' ಎಂದು ಕೇಳಬೇಕು, ಐದನೆಯ ಉತ್ತರವೇ ಬೇರು ಎಂಬ ನಿಯಮ. ನಡೆಸಿದವನು ವಿಭಾಗದ ಯಜಮಾನ ಶಿಗೆಮಾತ್ಸು. ಅಳತೆ ಹಿಡಿದು ಬೈತಲೆ ತೆಗೆಯುವ, ಯಾರ ಮೇಲೂ ದನಿಯೇರಿಸದ ನಲವತ್ತಾರರ ಮನುಷ್ಯ. ಬಿಳಿ ಹಲಗೆಯ ಮೇಲೆ ತಾನೇ ಪ್ರಶ್ನೆ ಬರೆದು ತಾನೇ ಉತ್ತರ ಬರೆಯುತ್ತಾ ಹೋದ. ಪಾಸು ಏಕೆ ರದ್ದಾಯಿತು? ತಪ್ಪು ಪಟ್ಟಿ ಹೋಯಿತು. ಏಕೆ ಹೋಯಿತು? ವಿಧಾನಪತ್ರದಲ್ಲಿ ಹಾಗಿತ್ತು. ಏಕೆ ತಿದ್ದಲಿಲ್ಲ? ತಪ್ಪಿದೆ ಎಂಬ ಮಾತು ತಲುಪಲಿಲ್ಲ. ಏಕೆ ತಲುಪಲಿಲ್ಲ? ಹೇಳಿದವರ ಮಾತಿನಲ್ಲಿ ಬಲ ಸಾಲಲಿಲ್ಲ. ಅಲ್ಲಿ ಒಂದು ಕ್ಷಣ ಪೆನ್ನು ನಿಲ್ಲಿಸಿ, ಚಂದದ ಅಕ್ಷರಗಳಲ್ಲಿ ಐದನೆಯದನ್ನು ಬರೆದ: ಹೊರದೇಶದ ಸಿಬ್ಬಂದಿಯ ಜಪಾನಿ ಭಾಷೆ ಸಾಲದು.

"ನಾನು ಮೂರು ಸಲ ಹೇಳಿದೀನಿ," ಅಂದಳು ನಿಲಾ. "ಜಪಾನಿಯಲ್ಲೇ ಹೇಳಿದೀನಿ. ಕಾಣ್ತಿದೆ ಅಂತ ಉತ್ತರಾನೂ ಬಂತು."

"ಹೇಳಿದ್ರಿ, ಅದು ನಮಗೂ ಗೊತ್ತು," ಶಿಗೆಮಾತ್ಸು ನಕ್ಕ. "ಆದರೂ ಕೆಲಸ ನಿಲ್ಲಲಿಲ್ಲ ನೋಡಿ. ನಿಲ್ಲಲಿಲ್ಲ ಅಂದ್ರೆ ತಲುಪಲಿಲ್ಲ ಅಂತ ಅಲ್ವಾ? ಇಲ್ಲಿ ಯಾರನ್ನೂ ದೂರೋ ಮಾತಿಲ್ಲ. ಬೇರು ಹುಡುಕ್ತಿದೀವಿ ಅಷ್ಟೇ."

ಅವಳು ಕುವಾಬಾರಾನ ಕಡೆ ನೋಡಿದಳು. ಅವನು ಕನ್ನಡಕ ತೆಗೆದು ಒರೆಸುತ್ತಿದ್ದ. ಸಭೆ ಮುಗಿಯುವವರೆಗೂ ಒರೆಸಿದ.

ತೀರ್ಮಾನ ಎರಡು. ಒಂದು, ವಿನ್ ಸಾನ್ ತಪ್ಪೊಪ್ಪಿಗೆ ಬರೆದು ಮುದ್ರೆ ಒತ್ತಬೇಕು, ಅದು ಎಂಟೂ ಚೌಕ ದಾಟಿ ಬಸ್ ಕಂಪನಿಗೆ ಹೋಗಬೇಕು. ಎರಡು, ಬಸ್ ಕಂಪನಿ ಅದನ್ನು ಒಪ್ಪಿದ ಮೇಲೆ, ಆಫೀಸಿನ ಆರು ಮಂದಿ ಹೊರದೇಶದವರು ತಪ್ಪು ಕಂಡರೆ ಬಾಯಲ್ಲಿ ಹೇಳಬಾರದು; ನಮೂನೆ ತುಂಬಿ, ಜಪಾನಿ ಜೊತೆಗಾರನ ಮುದ್ರೆ ಹಾಕಿಸಿ ಕೊಡಬೇಕು.

ಬೆಂಕಿ ಬಿದ್ದಾಗ ಇಳಿಯಲೆಂದು ಕಟ್ಟಿದ ಹೊರಗಿನ ಮೆಟ್ಟಿಲ ಮೇಲೆ ಉಜ್ಬೆಕ್ ಹುಡುಗ ಜಸೂರ್ ಸಿಗರೇಟು ಸೇದುತ್ತಾ ನಿಂತಿದ್ದ. ಪಕ್ಕದ ಮೇಜಿನವನು, ಬಾಯಿ ಹರಕ.

"ಅಕ್ಕಾ, ನಿನ್ ಜಪಾನಿ ಸಾಲ್ದಂತೆ. ನನ್ ಹತ್ರ ಉಜ್ಬೆಕ್ ಕಲ್ತುಬಿಡು. ಬೈಯೋಕಾದ್ರೂ ಆಗುತ್ತೆ."

"ಸುಮ್ನಿರೋ."

"ಸುಮ್ನೇ ಇರ್ಬೇಕಲ್ಲ ಇನ್ಮೇಲೆ. ನಾಳೆ ನಿನ್ ಜಡೆಗೆ ಬೆಂಕಿ ಹತ್ಕೊಂಡ್ರೂ ನಾನು ಮೊದ್ಲು ಫಾರಂ ತುಂಬ್ತೀನಿ, ಆ ಕನ್ನಡಕದವನ ಹತ್ರ ಮುದ್ರೆ ಹಾಕಿಸ್ತೀನಿ, ಆಮೇಲೆ 'ಅಕ್ಕಾ ಬೆಂಕಿ' ಅಂತೀನಿ. ಅಷ್ಟೊತ್ತಿಗೆ ಬೋಳಾಗಿರ್ತೀಯ." ಹೊಗೆ ಬಿಟ್ಟು, ದನಿ ಇಳಿಸಿ, "ಒತ್ತುತ್ತೀಯಾ?" ಅಂದ.

ಅವಳು ಬಾಗಿಲು ತಳ್ಳಿ ಒಳಗೆ ಹೋದಳು.

ಮಾರನೆಯ ದಿನ ಅವಳಿಗೆ ಸಂಬಳ ಕೊಡುವ ಕಂಪನಿಯ ಓಗಿನೊ ಬಂದ. ಆಳುಗಳನ್ನು ಇಲ್ಲಿಂದಲ್ಲಿಗೆ ಒಪ್ಪಿಸುವುದು ಅವನ ಕೆಲಸ. ಕೈಯಲ್ಲಿ ಚೆಸ್ಟ್‌ನಟ್ ಹೂರಣದ ಸಿಹಿಯ ಡಬ್ಬಿ.

"ಬರೀ ಕಾಗದ, ವಿನ್ ಸಾನ್," ಅಂದ. "ಯಾರೂ ನಿಮ್ಮನ್ನ ತಪ್ಪಿತಸ್ಥೆ ಅಂದ್ಕೊಂಡಿಲ್ಲ. ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಿದ್ರೆ ಕಾಗದ ಯಾಕೆ?"

"ಬೇಕಲ್ಲ ಏನೋ ಒಂದು. ನೀವು ಒತ್ತಿದರೆ ಮಾರ್ಚ್‌ನಲ್ಲಿ ಕರಾರು ತಾನಾಗೇ ಮುಂದುವರೀತದೆ. ಒತ್ತದಿದ್ರೆ..." ಚಹಾ ಗುಟುಕರಿಸಿದ. "ಅಂದಹಾಗೆ ನಿಮ್ಮ ವೀಸಾ ಯಾವಾಗ ಮುಗಿಯೋದು?"

"ನಿಮಗೆ ಗೊತ್ತಿರಬೇಕಲ್ಲ."

"ಗೊತ್ತು. ಕಾಳಜಿಯಿಂದ ಕೇಳಿದೆ."

ಅವನಿಗೆ ಗೊತ್ತಿದ್ದದ್ದು ಅದೊಂದೇ ಅಲ್ಲ. ಬರ್ಮಾದಲ್ಲಿ ಸೈನ್ಯ ಗದ್ದುಗೆ ಹಿಡಿದ ವರ್ಷ ಅವಳು ಜಪಾನಿನ ಬೀದಿಯಲ್ಲಿ ಪ್ರತಿಭಟನೆಯ ಮೂರು ಬೆರಳು ಎತ್ತಿ ನಿಂತ ಫೋಟೋ ಅವಳ ದೇಶದ ರಾಯಭಾರ ಕಚೇರಿ ತಲುಪಿತ್ತು. ಅವರು ಪಾಸ್‌ಪೋರ್ಟ್ ಹೊಸದು ಮಾಡಿಕೊಡಲಿಲ್ಲ. ಕೆಲಸ ಹೋದರೆ ಮೂರು ತಿಂಗಳಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವಾದರೆ ಜಪಾನು ಬಿಡಬೇಕು. ಬಿಟ್ಟು ಹೋಗಲು ಊರು ಇರಲಿಲ್ಲ. ಅಷ್ಟನ್ನೂ ತಿಳಿದು ಅವನು ಸಿಹಿ ತಂದಿದ್ದ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಸಾಬೂನು ತಿಂದ ಹಾಗಿತ್ತು.

ಮುಚ್ಚಳಿಕೆ ಎಂಬುದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಹುಟ್ಟುವ ಎರಡು ವರ್ಷ ಮುಂಚೆ, ಬರ್ಮಾವೆಲ್ಲ ಸೈನ್ಯದ ವಿರುದ್ಧ ಬೀದಿಗಿಳಿದಿದ್ದಾಗ, ಮೊನಿವಾ ಊರಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಅವಳ ಅಪ್ಪನನ್ನು ಎತ್ತಿ ಒಯ್ದಿದ್ದರು. ಹುಡುಗರು ನನ್ನನ್ನು ದಾರಿ ತಪ್ಪಿಸಿದರು ಎಂದು ಬರೆದುಕೊಡು, ಮನೆಗೆ ಹೋಗು ಅಂದರು. ಅವನು ಬರೆದುಕೊಟ್ಟ. ನೌಕರಿ ಉಳಿಯಿತು. ಅವನು ಹೆಸರು ಬರೆದ ಹುಡುಗರಲ್ಲಿ ಇಬ್ಬರು ಒಂಬತ್ತು ವರ್ಷ ಒಳಗಿದ್ದರು. ಅದೇ ನೌಕರಿಯ ಅನ್ನ ತಿಂದು ಮಗಳು ಓದಿದಳು, ಕಂಪ್ಯೂಟರ್ ಕಲಿತಳು, ವಿಮಾನ ಹತ್ತಿದಳು. ಹಾಗಾಗಿ ಅಪ್ಪನ ಮುಖಕ್ಕೆ ಉಗಿಯುವ ಹಕ್ಕು ಅವಳಿಗಿರಲಿಲ್ಲ. ಅವಳು ಉಗಿಯಲೂ ಇಲ್ಲ. ಆದರೆ ಅಪ್ಪ ಜೀವಮಾನವಿಡೀ ಊಟಕ್ಕೆ ಕೂತಾಗ ತಟ್ಟೆ ಬಿಟ್ಟು ತಲೆಯೆತ್ತುತ್ತಿರಲಿಲ್ಲ. ಅದನ್ನು ಅವಳು ಹದಿನೆಂಟು ವರ್ಷ ಎದುರಿಗೆ ಕೂತು ನೋಡಿದ್ದಳು. ಅಪ್ಪನಿಗಾದರೂ ಎದುರಿಗೆ ಬಂದೂಕು ಇತ್ತು. ಇಲ್ಲಿ ಹೂರಣದ ಸಿಹಿ.

ಸೋಮವಾರ ಶಿಗೆಮಾತ್ಸು ಕರಡನ್ನು ತಾನೇ ಬರೆದು ಕೊಟ್ಟ. "ಕಷ್ಟ ಪಡಬೇಡಿ, ಇದ್ದ ಹಾಗೆ ಟೈಪ್ ಮಾಡಿ, ಮುದ್ರೆ ಒತ್ತಿ, ಸುತ್ತಿಸುವ ಕಡತದಲ್ಲಿ ಇಟ್ಟುಬಿಡಿ," ಅಂದ. ಕರಡಿನಲ್ಲಿ ಅವಳು ತನ್ನ ಭಾಷೆಯ ಕೊರತೆಗೆ ನಾಲ್ಕು ಕಡೆ ನಾಚಿಕೊಂಡಿದ್ದಳು.

ಅವಳು ಟೈಪ್ ಮಾಡಲು ಕೂತಳು. ಮೊದಲ ಸಾಲು ಕರಡಿನ ಹಾಗೇ ಬಂತು. ಎರಡನೆಯದೂ ಬಂತು. ಮೂರನೆಯ 'ಏಕೆ'ಯ ಹತ್ತಿರ ಕೈ ನಿಂತಿತು. ಕರಡನ್ನು ಬೋರಲು ಹಾಕಿ ತಾನೇ ಬರೆದಳು. ಏಕೆ ತಿದ್ದಲಿಲ್ಲ? ತಪ್ಪು ಇಬ್ಬರಿಗೂ ಕಂಡಿತ್ತು, ಆದರೆ ಕಾಗದಕ್ಕೆ ಎಂಟು ಮುದ್ರೆ ಬಿದ್ದಿತ್ತು. ಎಂಟು ಮುದ್ರೆ ಬಿದ್ದರೂ ತಪ್ಪು ಏಕೆ ಉಳಿದಿತ್ತು? ಒತ್ತಿದವರು ಯಾರೂ ಓದಿರಲಿಲ್ಲ. ನಲವತ್ತೊಂದನೆಯ ಹೆಜ್ಜೆ ಏಕೆ ನಡೆಯಿತು? ತಪ್ಪೆಂದು ಗೊತ್ತಿದ್ದೂ ನಾನು ಅದನ್ನು ಗಟ್ಟಿಯಾಗಿ ಓದಿದೆ, ಬೆರಳು ತೋರಿಸಿದವರಿಗೂ ಗೊತ್ತಿತ್ತು. ಇದಕ್ಕಾಗಿ, ಮಳೆಯಲ್ಲಿ ಇಳಿದು ನಿಂತವರ ಕ್ಷಮೆ ಕೇಳುತ್ತೇನೆ. ಭಾಷೆಯ ಸುದ್ದಿ ಎಲ್ಲೂ ಇರಲಿಲ್ಲ. ಹೊರಗಿನಿಂದ ನೋಡಿದರೆ ಕರಡಿನಷ್ಟೇ ಉದ್ದ, ಅಷ್ಟೇ ಪ್ಯಾರಾಗಳು. ಮುದ್ರೆಗೆ ಮಸಿ ತಾಗಿಸಿ ಬಲತುದಿಯ ಚೌಕದಲ್ಲಿ ನೆಟ್ಟಗೆ ಒತ್ತಿದಳು.

ಕಡತ ಮೊದಲು ಹೋದದ್ದು ಕುವಾಬಾರಾನ ಮೇಜಿಗೆ. ಅವನು ಆ ಮಹಡಿಯಲ್ಲಿ ಕಾಗದ ಓದಿ ಒತ್ತುವ ಒಬ್ಬನೇ ಮನುಷ್ಯ, ಅದು ಅವಳಿಗೆ ಗೊತ್ತಿತ್ತು. ಅವಳು ಪರದೆಯ ಮೇಲೆ ಕಣ್ಣಿಟ್ಟು ಕೂತಳು. ಹತ್ತು ನಿಮಿಷವಾಯಿತು. ಗಂಟಲಿನ ಮಾತ್ರೆಯ ವಾಸನೆ ಹತ್ತಿರ ಬಂತು.

"ವಿನ್ ಸಾನ್. ಇಲ್ಲಿ ಇಸವಿ ತಪ್ಪಿದೆ."

"ಇಸವಿ?"

"ಪಶ್ಚಿಮದವರ ಇಸವಿ ಹಾಕಿದ್ದೀರಿ. ಈ ನಮೂನೆಗೆ ಚಕ್ರವರ್ತಿ ಪಟ್ಟಕ್ಕೆ ಬಂದಾಗಿನ ಲೆಕ್ಕದ ಇಸವಿ ಬರಬೇಕು. ಮುದ್ರೆಗಳು ಬೀಳೋ ಮುಂಚೆ ಬದಲಾಯಿಸಿ. ಇಲ್ಲಾಂದ್ರೆ ವಾಪಸ್ ಬರ್ತದೆ."

ಅಷ್ಟೇ ಹೇಳಿ ಹೋದ. ಅವಳು ಇಸವಿ ಬದಲಾಯಿಸಿ, ಮತ್ತೆ ನೆಟ್ಟಗೆ ಒತ್ತಿ ಕೊಟ್ಟಳು. ಅವನು ತನ್ನದನ್ನು ಒತ್ತಿದ, ಎಂದಿನಂತೆ ಎಡಕ್ಕೆ ಚೆನ್ನಾಗಿ ವಾಲಿಸಿ. ಶಿಗೆಮಾತ್ಸು ಫೋನಿನಲ್ಲಿ ನಗುತ್ತಾ ಒತ್ತಿದ. ತಾನೇ ಬರೆದದ್ದನ್ನು ಯಾರು ಓದುತ್ತಾರೆ. ಉಳಿದವರು ಶಿಗೆಮಾತ್ಸುವಿನ ಮುದ್ರೆ ನೋಡಿ ಒತ್ತಿದರು. ಬುಧವಾರ ಕಾಗದ ಬಸ್ ಕಂಪನಿಗೆ ಹೋಯಿತು.

ಅದನ್ನು ಓದಿದ ಮೊದಲ ಹೊರಗಿನ ಮನುಷ್ಯ ಅಲ್ಲಿನ ಯಾರೋ. ಶುಕ್ರವಾರ ಫೋನು ಬಂತು. ಶಿಗೆಮಾತ್ಸು ಎದ್ದು ನಿಂತು ಫೋನಿಗೇ ಬಗ್ಗತೊಡಗಿದ. ಇಟ್ಟ ಮೇಲೆ ಕಾಗದದ ನಕಲು ತರಿಸಿ ಅವಳನ್ನು ಒಳಗೆ ಕರೆದ. ಕಿವಿ ಕೆಂಪಾಗಿದ್ದವು, ದನಿ ಮಾತ್ರ ಏರಿರಲಿಲ್ಲ.

"ಇದು ನಾನು ಕೊಟ್ಟ ಕರಡಲ್ಲ."

"ಅಲ್ಲ."

"ನನಗೆ ಹೇಳದೆ..."

"ನಿಮ್ಮ ಮೇಜಿನ ಮೇಲೇ ಇಟ್ಟಿದ್ದೆ. ನಿಮ್ಮ ಮುದ್ರೆ ಇದೆ ನೋಡಿ."

ನಾನು ಓದಿರಲಿಲ್ಲ ಎಂಬ ಮಾತು ಅವನ ಹಲ್ಲಿನ ಹಿಂದೆ ಬಂದು ನಿಂತದ್ದು ಅವಳಿಗೆ ಕಾಣಿಸಿತು. ಅದನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಕಾಗದದಲ್ಲಿ ಇದ್ದದ್ದೂ ಅದೇ ಮಾತು.

"ಹಿಂದಕ್ಕೆ ತರಿಸಬೇಕು," ಅಂದ, ತನಗೆ ತಾನೇ ಹೇಳಿಕೊಂಡ ಹಾಗೆ.

"ತರಿಸಬಹುದು. ಅದಕ್ಕೂ ಎಂಟು ಮುದ್ರೆ ಬೇಕು. ಯಾಕೆ ಅಂತ ಬರೀಬೇಕು."

ಅವನು ಆ ಮುದ್ರೆಗಳ ಸಾಲನ್ನೇ ನೋಡಿದ. "ನಿಮ್ಮದು ನೇರ ಇದೆ," ಅಂದ ಕೊನೆಗೆ. ಅವನಿಗೆ ನೋವಾದದ್ದು ಆಗ ಎಂದು ಅವಳಿಗೆ ಅನ್ನಿಸಿತು.

ಕಾಗದ ಹಿಂದಕ್ಕೆ ಬರಲಿಲ್ಲ. ಬಸ್ ಕಂಪನಿಯ ಇಬ್ಬರು ಕ್ಷೌರದಂಗಡಿಯ ಮುದುಕಿಯ ಮನೆಗೂ ಬಂದು ಬಗ್ಗಿ ಹೋದರು. ಮುದುಕಿ ಅವರಿಗಿಂತ ಕೆಳಗೆ ಬಗ್ಗಿದಳಂತೆ. ಬಾಯಲ್ಲಿ ಹೇಳಬಾರದೆಂಬ ನಿಯಮ ಸದ್ದಿಲ್ಲದೆ ಸತ್ತಿತು. ಅದರ ಬದಲಿಗೆ ಎಲ್ಲ ಕಾಗದಗಳ ನೆತ್ತಿಯಲ್ಲಿ ಒಂಬತ್ತನೆಯ ಚೌಕ ಹುಟ್ಟಿತು. ಉಳಿದ ಎಂಟು ಜನ ಓದಿದ್ದಾರೆ ಎಂದು ಖಾತ್ರಿಪಡಿಸುವವನ ಮುದ್ರೆ. ಜಸೂರ್ ಆ ದಿನ ಮೆಟ್ಟಿಲ ಮೇಲೆ ಕೂತು ಕೆಮ್ಮು ಬರುವಷ್ಟು ನಕ್ಕ. "ಅಕ್ಕಾ, ಹತ್ತನೇದು ಯಾವಾಗ?" ಅಂದ. ಅವಳಿಗೆ ನಗು ಬರಲಿಲ್ಲ. ಏನು ಮಾಡಿದರೂ ಇವರ ಬೆನ್ನು ನೆಟ್ಟಗಾಗುವುದಿಲ್ಲ ಎನಿಸಿ ಮೈ ಉರಿಯಿತು.

ಮಾರ್ಚ್‌ನಲ್ಲಿ ಕರಾರು ಮುಂದುವರಿಯಲಿಲ್ಲ. ಯಾರೂ ಅವಳನ್ನು ತೆಗೆದುಹಾಕಲಿಲ್ಲ; ಕೆಲಸ ಕಡಿಮೆಯಾಗಿದೆ ಅಂದರು. ಅವಳ ಜಾಗಕ್ಕೆ ಹೊಸಬ ಬಂದು ಹಿಂದಿನ ಮೇಜಿನಲ್ಲಿ ಕೂತಾಗಿತ್ತು. ಓಗಿನೊ ಫೋನಿನಲ್ಲಿ ಮೂರು ತಿಂಗಳ ಲೆಕ್ಕ ನೆನಪಿಸಿದ, ಕಾಳಜಿಯಿಂದ. ಕೋಬೆಯಲ್ಲಿ ಒಂದು ಹಡಗು ಬಿಡಿಭಾಗದ ಕಾರ್ಖಾನೆ ಮುಂದಿನ ವಾರ ಸಂದರ್ಶನಕ್ಕೆ ಕರೆದಿತ್ತು. ಅಷ್ಟೇ ಕೈಯಲ್ಲಿದ್ದದ್ದು.

ಕೊನೆಯ ದಿನ ಹೂಗುಚ್ಛ ಕೊಟ್ಟರು, ಚಪ್ಪಾಳೆ ತಟ್ಟಿದರು. ಶಿಗೆಮಾತ್ಸು ಅವಳ ಜಪಾನಿ ಎಷ್ಟು ಚೆನ್ನಾಗಿದೆ ಎಂದು ಎರಡು ನಿಮಿಷ ಹೊಗಳಿದ. ಬೀಗದ ಕೈ ಹಿಂತಿರುಗಿಸಿದ ಕಾಗದದ ಮೇಲೆ ಅವಳು ಕೊನೆಯ ಸಲ ಮುದ್ರೆ ಒತ್ತಿದಳು. ಹೂಗುಚ್ಛ ಹಿಡಿದು ಲಿಫ್ಟಿನ ಕಡೆ ನಡೆದಾಗ ಕುವಾಬಾರಾ ಜೊತೆಗೆ ಬಂದ, ಕೈಯಲ್ಲಿ ಒಂದು ಸಿಹಿಯ ಡಬ್ಬಿ.

"ಒಂದು ಕೇಳ್ಬೇಕು," ಅಂದಳು. "ಅವತ್ತಿನ ಕಾಗದ ನೀವು ಪೂರ್ತಿ ಓದಿದ್ರಿ ಅಲ್ವಾ?"

ಅವನು ಹಿಂದೆ ತಿರುಗಿ ನೋಡಿದ. ನಾಲ್ಕು ಹೆಜ್ಜೆ ಹಿಂದೆ ಎಲ್ಲರೂ ಬರುತ್ತಿದ್ದರು.

"ನಾನು ಇಸವಿ ಮಾತ್ರ ನೋಡಿದ್ದು," ಅಂದ.

ಅವನು ಚಾಚಿದ ಡಬ್ಬಿಯನ್ನು ಅವಳು ತೆಗೆದುಕೊಳ್ಳಲಿಲ್ಲ. ಹೂಗುಚ್ಛವನ್ನೂ ಅದರ ಮೇಲೆ ಹೇರಿ ಲಿಫ್ಟಿನೊಳಗೆ ನಿಂತಳು. ಬಾಗಿಲು ಮುಚ್ಚುವವರೆಗೆ ಎದುರಿಗಿದ್ದವರೆಲ್ಲ ಬಗ್ಗುವುದು ಅಲ್ಲಿನ ಮರ್ಯಾದೆ, ಒಳಗಿದ್ದವರೂ ಬಗ್ಗಬೇಕು. ಅವಳು ಬಗ್ಗಲಿಲ್ಲ. ನೆಟ್ಟಗೆ ನಿಂತು ನೋಡಿದಳು. ಮೂವತ್ತು ನಲವತ್ತು ನೆತ್ತಿಗಳು, ಕಪ್ಪು, ನರೆತವು, ಬೋಳು, ಒಂದರ ಪಕ್ಕ ಒಂದು. ನಡುವೆ ಜಸೂರ್ ಒಬ್ಬ ಬಗ್ಗದೆ ನಿಂತು ಅವಳಿಗೆ ಕಣ್ಣು ಹೊಡೆದ. ಉಳಿದವರಲ್ಲಿ ಕುವಾಬಾರಾನ ತಲೆ ಯಾವುದೆಂದು ಹುಡುಕಿದಳು. ಅಷ್ಟೊಂದರಲ್ಲಿ ಗೊತ್ತಾಗಲಿಲ್ಲ.